ಮಗುಚಿ ಬಡಿಸುವ ಅನಾನಸ್ ಕೇಕ್

ಈ ಕೇಕಿಗೆ ಕ್ರೀಮೂ ಬೇಡ, ಐಸಿಂಗೂ ಬೇಡ. ಅಲಂಕಾರವೆಲ್ಲ ಮೊದಲೇ ಟಿನ್ನಿನ ತಳದಲ್ಲಿ ಕೂತಿರುತ್ತದೆ. ಬೆಂದ ಮೇಲೆ ತಟ್ಟೆಗೆ ಮಗುಚಿದರೆ ಮುಗಿಯಿತು. ಹಣ್ಣು ಹರಡಿ ಮೇಲೆ ಹಿಟ್ಟು ಸುರಿದು ಬೇಯಿಸುವ ಪದ್ಧತಿ ಹಳೆಯದು. ಅದಕ್ಕೆ ಅನಾನಸ್ ಅಂಟಿಕೊಂಡದ್ದು ಡಬ್ಬಿಯ ಬಿಲ್ಲೆಗಳು ಅಂಗಡಿಗೆ ಬಂದ ಮೇಲೆ. ಹವಾಯಿಯಲ್ಲಿ ಅನಾನಸ್ ಬೆಳೆದು ಡಬ್ಬಿಗೆ ತುಂಬುತ್ತಿದ್ದ ಜೇಮ್ಸ್ ಡೋಲ್ ಅವರ ಕಂಪನಿ 1925ರಲ್ಲಿ ಅಡುಗೆ ಸ್ಪರ್ಧೆ ನಡೆಸಿದಾಗ, ಅಮೆರಿಕದ ಗೃಹಿಣಿಯರು ರಾಶಿರಾಶಿಯಾಗಿ ಬರೆದು ಕಳಿಸಿದ್ದು ಇದನ್ನೇ.

ನಮಗೆ ಡಬ್ಬಿಯ ಹಂಗಿಲ್ಲ. ಬನವಾಸಿ, ಸೊರಬದ ಕಡೆಯ ಹಣ್ಣು ಸಂತೆಯಲ್ಲೇ ಸಿಗುತ್ತದೆ. ಆದರೆ ತಾಜಾ ಹಣ್ಣು ಕಾವಿಗೆ ನೀರು ಬಿಡುತ್ತದೆ. ಆ ನೀರು ಟಿನ್ನಿನೊಳಗೆ ಇಳಿದರೆ ಹಣ್ಣಿನ ಪಕ್ಕದ ಹಿಟ್ಟು ಬೇಯದೆ ಅಂಟಂಟಾಗಿ ಉಳಿಯುತ್ತದೆ. ಹಾಗಾಗಿ ನೀರನ್ನು ಒಲೆಯ ಮೇಲೆಯೇ ಕಳೆಯಬೇಕು. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ. ಬಿಲ್ಲೆ ದೊಡ್ಡದಾದರೆ ಎರಡು ಹೋಳು. ಅಗಲ ಬಾಣಲೆಯಲ್ಲಿ ಎರಡು ಚಮಚ ಸಕ್ಕರೆ ಉದುರಿಸಿ, ಬಿಟ್ಟ ರಸವೆಲ್ಲ ಇಂಗುವವರೆಗೆ ಹತ್ತು ನಿಮಿಷ ಬೇಯಿಸಿ. ಇನ್ನೊಂದು ಲಾಭವೂ ಇದೆ. ಹಸಿ ಅನಾನಸ್ ಹಾಲಿಗೆ ಬಿದ್ದರೆ ಕಹಿಯಾಗಿಸುವುದು ಬ್ರೊಮೆಲೈನ್ ಎಂಬ ಕಿಣ್ವ; ಬೆಂದರೆ ಅದರ ಆಟ ನಿಲ್ಲುತ್ತದೆ.

ಎಂಟು ಇಂಚಿನ ದುಂಡು ಟಿನ್ ಸಾಕು. ತಳ ಕಳಚುವ ಟಿನ್ ಬೇಡ, ಪಾಕ ಸೋರುತ್ತದೆ. ಕರಗಿಸಿದ 50 ಗ್ರಾಂ ಬೆಣ್ಣೆ ಹರಡಿ, ಮೇಲೆ 75 ಗ್ರಾಂ ಬೆಲ್ಲದ ಪುಡಿ ಉದುರಿಸಿ. ಕಂದು ಸಕ್ಕರೆಯೂ ಆದೀತು, ನನ್ನ ಓಟು ಬೆಲ್ಲಕ್ಕೆ. ಬಿಲ್ಲೆ ಜೋಡಿಸಿ, ಸಂದಿಗೆ ಗೋಡಂಬಿ ಇಡಿ. ಚೆರ್ರಿಯೇ ಬೇಕೆಂದರೆ ಇಡಬಹುದು, ಆದರೆ ಬೇಕರಿಯ ಕೆಂಪು ಚೆರ್ರಿ ಸಾಮಾನ್ಯವಾಗಿ ಬಣ್ಣ ಹಾಕಿದ ಕವಳೆಕಾಯಿಯೇ.

ಇನ್ನು ಹಿಟ್ಟು. 100 ಗ್ರಾಂ ಬೆಣ್ಣೆ, ಅಷ್ಟೇ ಪುಡಿಸಕ್ಕರೆ ಸೇರಿಸಿ ಬಣ್ಣ ತಿಳಿಯಾಗುವಷ್ಟು ಕಡೆಯಿರಿ. ಎರಡು ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಹಾಕಿ ಕಲಸಿ. 150 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಜರಡಿ ಹಿಡಿದು, ಐದು ದೊಡ್ಡ ಚಮಚ ಹಾಲಿನೊಡನೆ ಸೇರಿಸಿ. ಮೈದಾ ಬಿದ್ದ ಮೇಲೆ ಜೋರಾಗಿ ತಿರುವಿದರೆ ಕೇಕ್ ರಬ್ಬರಾಗುತ್ತದೆ. ಒಣ ಪುಡಿ ಕಾಣದಾದ ಕೂಡಲೇ ಕೈ ಬಿಡಿ. ಹದ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ. ಮೊಟ್ಟೆ ಒಲ್ಲದವರು ಮೊಟ್ಟೆ, ಹಾಲು ಎರಡನ್ನೂ ಬಿಟ್ಟು ಮುಕ್ಕಾಲು ಕಪ್ ಮೊಸರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಲಿ; ಆಗ ಬೇಕಿಂಗ್ ಪೌಡರ್ ಒಂದೇ ಟೀ ಚಮಚ.

ಹಿಟ್ಟನ್ನು ಬಿಲ್ಲೆಗಳು ಕದಲದಂತೆ ಚಮಚದಿಂದ ಹಾಕಿ. ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್, 35ರಿಂದ 40 ನಿಮಿಷ. ಓವನ್ ಇಲ್ಲವೇ? ದಪ್ಪ ತಳದ ದೊಡ್ಡ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ನೀರು ಹಾಕದೆ ಹತ್ತು ನಿಮಿಷ ಕಾಯಿಸಿ, ಟಿನ್ ಇಳಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಮೇಲೆ ಕೆಂಪು ಬಣ್ಣ ಬರಲಿಕ್ಕಿಲ್ಲ, ಹೇಗೂ ಅದು ಅಡಿಗೆ ಹೋಗುವ ಭಾಗ. ಕಡ್ಡಿ ಚುಚ್ಚುವಾಗ ಹಣ್ಣಿನವರೆಗೆ ಇಳಿಸಬೇಡಿ, ಪಾಕ ಅಂಟಿ ಬಂದು ದಾರಿ ತಪ್ಪಿಸುತ್ತದೆ.

ಮಗುಚುವುದಕ್ಕೆ ಹತ್ತು ನಿಮಿಷ ಕಾಯಿರಿ. ಅವಸರ ಮಾಡಿದರೆ ಕೇಕ್ ಒಡೆಯುತ್ತದೆ, ಪೂರ್ತಿ ಆರಲು ಬಿಟ್ಟರೆ ಬೆಲ್ಲದ ಪಾಕ ತಳ ಹಿಡಿಯುತ್ತದೆ. ಅಂಚಿನ ಸುತ್ತ ಚಾಕು ಆಡಿಸಿ, ಅಗಲ ತಟ್ಟೆ ಕವುಚಿಟ್ಟು, ದಪ್ಪ ಬಟ್ಟೆಯಿಂದ ಎರಡನ್ನೂ ಬಿಗಿ ಹಿಡಿದು ಒಮ್ಮೆಲೇ ತಿರುಗಿಸಿ. ಬಿಸಿ ಪಾಕ ಕೈಗೆ ತಾಗದಂತೆ ಎಚ್ಚರ. ಒಂದೆರಡು ಬಿಲ್ಲೆ ಟಿನ್ನಿನಲ್ಲೇ ಉಳಿದರೆ ಎಬ್ಬಿಸಿ ಅದರದರ ಜಾಗಕ್ಕೆ ಕೂರಿಸಿ. ಪಾಕ ಬಿಸಿಯಿರುವಾಗ ಮತ್ತೆ ಅಂಟಿಕೊಳ್ಳುತ್ತದೆ.