ಅಂಗೈ ಗಣಕದಲ್ಲಿ ಹಳೆಯ ಆಟಗಳು

ಚೌಕಾಬಾರದ ಆಟವನ್ನು ಅರಿಯದ ಮನೆ ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಅದರ ಮನೆಗಳನ್ನು ಜಗಲಿಯ ಕಲ್ಲಿನ ಮೇಲೆ ಕೊರೆದಿರಬಹುದು, ನೆಲದ ಮೇಲೆ ಸೀಮೆಸುಣ್ಣದಿಂದ ಬರೆದಿರಬಹುದು, ರಟ್ಟಿನ ಮೇಲೆ ಗೆರೆ ಎಳೆದಿರಬಹುದು. ಕವಡೆ ದೊರೆಯದಿದ್ದರೆ ಹುಣಿಸೆಬೀಜದ ಒಂದು ಮಗ್ಗುಲನ್ನು ಉಜ್ಜಿ ಬಿಳಿದು ಮಾಡಿಕೊಂಡರಾಯಿತು. ಕಾಯಿಗಳಿಗೆ ಬಳೆಚೂರೂ ಆದೀತು, ಗುಂಡಿಯೂ ಆದೀತು. ಸಾಮಗ್ರಿಯೆಲ್ಲ ಬದಲಾದರೂ ಆಡುವವರು ಅದನ್ನು ಬೇರೆ ಆಟವೆಂದು ಭಾವಿಸುವುದಿಲ್ಲ. ನಡೆಯ ಕ್ರಮ ಒಂದೇ ಆಗಿರುವವರೆಗೆ ಆಟವೂ ಒಂದೇ. ಈ ಸರಳವಾದ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಇಂದು ನಾವು ವಿವರಿಸಲಿರುವ ವಿಷಯದ ಅರ್ಧಭಾಗ ತಿಳಿದಂತೆಯೇ ಸರಿ.

ಅಂಗೈಯಲ್ಲಿ ಹಿಡಿದು ಆಡುವ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಯುವ ಪುಟ್ಟ ಗಣಕಗಳು ಈಗ ಅಪರೂಪವಲ್ಲ. ಇವುಗಳಲ್ಲಿ ತರುಣರು 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್, 1989ರ ಪ್ರಿನ್ಸ್ ಆಫ್ ಪರ್ಷಿಯಾ ಮೊದಲಾದ ಹಳೆಯ ಆಟಗಳನ್ನು ಆಡುತ್ತಾರೆ. ಆದರೆ ಸ್ಪೇಸ್ ಇನ್ವೇಡರ್ಸ್ ಆಟವನ್ನು ಬರೆದದ್ದು ಇಂಟೆಲ್ 8080 ಎಂಬ ಪ್ರೊಸೆಸರಿಗಾಗಿ. ಈ ಪುಟ್ಟ ಗಣಕಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್ಮ್ ಎಂಬ ಬೇರೊಂದು ವಂಶದ ಪ್ರೊಸೆಸರು. ಒಂದರ ಯಂತ್ರಭಾಷೆ ಇನ್ನೊಂದಕ್ಕೆ ತಿಳಿಯದು. ಹಾಗಿದ್ದರೂ ಆಟ ನಡೆಯುವುದು ಹೇಗೆ?

ಇದನ್ನು ಒಂದು ಅಂಚೆಕಾರ್ಡಿನ ಸಹಾಯದಿಂದ ಪರೀಕ್ಷಿಸೋಣ. ನಂಜನಗೂಡಿನ ಒಬ್ಬ ವಿದ್ಯಾರ್ಥಿನಿಯು ಕಾರ್ಡಿನ ಮೇಲೆ 62, 5, 198, 3, 50, 0, 32, 118 ಎಂಬ ಎಂಟು ಸಂಖ್ಯೆಗಳನ್ನು ಬರೆದು ನರಸೀಪುರದ ಗೆಳತಿಗೆ ಕಳುಹಿಸಲಿ. ಗೆಳತಿಯ ಬಳಿ 8080 ಪ್ರೊಸೆಸರಿನ ಸೂಚನೆಗಳ ಪಟ್ಟಿಯಿದೆ. ಜೊತೆಗೆ ‘ಎ’ ಎಂದು ಹೆಸರಿಟ್ಟ ಒಂದು ಖಾನೆಯೂ, ಕ್ರಮಾಂಕ ಹಾಕಿದ ಖಾನೆಗಳ ಒಂದು ದೊಡ್ಡ ಹಾಳೆಯೂ ಇವೆ. ಪಟ್ಟಿಯ ಪ್ರಕಾರ 62 ಎಂದರೆ, ಮುಂದಿನ ಸಂಖ್ಯೆಯನ್ನು ‘ಎ’ ಖಾನೆಯಲ್ಲಿ ಬರೆ ಎಂದು ಅರ್ಥ. ಆಕೆ 5 ಎಂದು ಬರೆಯುತ್ತಾಳೆ. 198 ಎಂದರೆ, ಮುಂದಿನ ಸಂಖ್ಯೆಯನ್ನು ‘ಎ’ ಖಾನೆಗೆ ಕೂಡು. ಈಗ ಅಲ್ಲಿ 8 ಆಯಿತು. 50 ಎಂದರೆ, ಮುಂದಿನ ಎರಡು ಸಂಖ್ಯೆಗಳು ಸೂಚಿಸುವ ಖಾನೆಗೆ ‘ಎ’ಯಲ್ಲಿರುವುದನ್ನು ನಕಲು ಮಾಡು. ಎರಡನೆಯ ಸಂಖ್ಯೆಯನ್ನು 256ರಿಂದ ಗುಣಿಸಿ ಮೊದಲನೆಯದನ್ನು ಕೂಡಿದರೆ ಖಾನೆಯ ಕ್ರಮಾಂಕ ದೊರೆಯುತ್ತದೆ; ಇಲ್ಲಿ ಅದು 8192. ಆ ಖಾನೆಯಲ್ಲಿ ಆಕೆ 8 ಎಂದು ಬರೆಯುತ್ತಾಳೆ. 118 ಎಂದರೆ ನಿಲ್ಲು.

ನರಸೀಪುರದ ಹುಡುಗಿ 8080 ಪ್ರೊಸೆಸರನ್ನು ಕಣ್ಣಿನಿಂದ ಕಂಡವಳೇ ಅಲ್ಲ. ಆದರೂ ಅದು ಮಾಡುತ್ತಿದ್ದ ಕೆಲಸವನ್ನು ತಪ್ಪಿಲ್ಲದೆ ಮಾಡಿದಳು. ಆಕೆಯ ಸ್ಥಾನದಲ್ಲಿ ಒಂದು ತಂತ್ರಾಂಶವನ್ನು ಇರಿಸಿದರೆ ಅದೇ ಎಮ್ಯುಲೇಟರ್, ಎಂದರೆ ಅನುಕರಣ ತಂತ್ರಾಂಶ. ಅದು ಹಳೆಯ ಆಟದ ಸಂಖ್ಯೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ, ಪಟ್ಟಿ ನೋಡಿ ಅರ್ಥ ತಿಳಿಯುತ್ತದೆ, ತನ್ನ ಯಂತ್ರದ ಸೂಚನೆಗಳಿಂದ ಅದೇ ಪರಿಣಾಮವನ್ನು ಉಂಟುಮಾಡುತ್ತದೆ. ನಮ್ಮ ಉದಾಹರಣೆಯ 8192 ಎಂಬ ಕ್ರಮಾಂಕವೂ ಕಟ್ಟುಕಥೆಯದಲ್ಲ. ಸ್ಪೇಸ್ ಇನ್ವೇಡರ್ಸ್ ಯಂತ್ರದಲ್ಲಿ 0ಯಿಂದ 8191ರವರೆಗಿನ ಖಾನೆಗಳು ಅಳಿಸಲಾಗದ ಆಟದ ಸೂಚನೆಗಳಿಗೆ ಮೀಸಲಾಗಿದ್ದುವು; ಬರೆದು ಅಳಿಸಬಹುದಾದ ಸ್ಮೃತಿಯು ಸರಿಯಾಗಿ 8192ರಿಂದ ಆರಂಭವಾಗುತ್ತಿತ್ತು.

ಅನುಕರಣಕ್ಕೆ ಬೆಲೆ ತೆರಬೇಕಾಗುತ್ತದೆ. ಹುಡುಗಿಯು ಪ್ರತಿಯೊಂದು ಸೂಚನೆಗೂ ಪಟ್ಟಿ ನೋಡಬೇಕಾದಂತೆ, ಹಳೆಯ ಯಂತ್ರದ ಒಂದು ಸೂಚನೆಗೆ ಹೊಸ ಯಂತ್ರವು ಹತ್ತಾರು ಸೂಚನೆಗಳನ್ನು ವೆಚ್ಚಮಾಡಬೇಕು. ಲೆಕ್ಕ ಹಾಕಿ ನೋಡೋಣ. ಆ ಆಟದ 8080 ಪ್ರೊಸೆಸರು ಸೆಕೆಂಡಿಗೆ 20 ಲಕ್ಷ ಮಿಡಿತಗಳ ವೇಗದಲ್ಲಿ ನಡೆಯುತ್ತಿತ್ತು. ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿತ್ತಾದ್ದರಿಂದ ಒಂದು ಚಿತ್ರಕ್ಕೆ ಸುಮಾರು 33,333 ಮಿಡಿತಗಳು ದೊರೆತುವು. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹೊರಬಂದ ಜಿಪಿ2ಎಕ್ಸ್ ಎಂಬ ಲಿನಕ್ಸ್ ಆಟದ ಯಂತ್ರದ ಪ್ರೊಸೆಸರಿಗೆ ಸೆಕೆಂಡಿಗೆ 20 ಕೋಟಿ ಮಿಡಿತಗಳು. ಹಳೆಯದರ ಒಂದಕ್ಕೆ ಹೊಸದರಲ್ಲಿ ನೂರು! ಪಟ್ಟಿ ನೋಡುವುದಕ್ಕೆ ಸಾಕಷ್ಟು ಅವಕಾಶ ಉಂಟೆಂದಾಯಿತು.

ಇಲ್ಲೊಂದು ವಿಚಿತ್ರವಾದ ತೊಡಕೂ ಇದೆ. ವೇಗ ಕಡಮೆಯಾದರೆ ಆಟ ಕೆಡುವುದೆಂಬುದು ಯಾರಿಗಾದರೂ ಹೊಳೆಯುತ್ತದೆ, ಹೆಚ್ಚಾದರೂ ಕೆಡುತ್ತದೆ. ಸ್ಪೇಸ್ ಇನ್ವೇಡರ್ಸ್‌ನಲ್ಲಿ 5 ಸಾಲುಗಳಲ್ಲಿ ಸಾಲಿಗೆ 11ರಂತೆ 55 ಶತ್ರುಗಳು ಇಳಿದುಬರುತ್ತಾರೆ. ಒಂದು ಚಿತ್ರಕ್ಕೆ ಒಬ್ಬ ಶತ್ರುವನ್ನು ಮಾತ್ರ ಕದಲಿಸುವಂತೆ ಆಟವನ್ನು ಬರೆದಿದ್ದಾರೆ. ಆದ್ದರಿಂದ ಇಡೀ ಪಡೆ ಒಂದು ಹೆಜ್ಜೆ ಇಡಲು 55 ಚಿತ್ರಗಳು, ಎಂದರೆ ಸುಮಾರು 0.92 ಸೆಕೆಂಡು ಬೇಕು. ಶತ್ರುಗಳು ಸತ್ತಂತೆಲ್ಲ ಉಳಿದವರ ಸರದಿ ಬೇಗ ಬರುತ್ತದೆ. ಕೊನೆಯವನು ಪ್ರತಿಯೊಂದು ಚಿತ್ರದಲ್ಲಿಯೂ ಓಡುತ್ತಾನೆ. ಆಡುವವನ ಎದೆ ಡವಗುಟ್ಟಿಸುವ ಆ ವೇಗವು ಯಂತ್ರದ ಬಡತನದಿಂದ ಹುಟ್ಟಿದ್ದು! ಅನುಕರಣ ತಂತ್ರಾಂಶವು ತನ್ನ ಪೂರ್ಣ ವೇಗದಲ್ಲಿ ಓಡಿದರೆ ಈ ಸೊಗಸೆಲ್ಲ ಹಾಳು. ಆದ್ದರಿಂದ ಅದು ಒಂದು ಚಿತ್ರದ ಕೆಲಸ ಮುಗಿಸಿ, ಸೆಕೆಂಡಿನ ಅರವತ್ತನೆಯ ಒಂದು ಭಾಗ ಪೂರ್ತಿಯಾಗುವವರೆಗೆ ಸುಮ್ಮನೆ ಕಾಯುತ್ತದೆ.

ತೆರೆಯ ವಿಷಯವನ್ನು ವಾಚಕರೇ ಲೆಕ್ಕ ಹಾಕಬಹುದು. ಹಳೆಯ ಆಟದ ಚಿತ್ರ 224 ಚುಕ್ಕೆ ಅಗಲ, 256 ಚುಕ್ಕೆ ಎತ್ತರ. ಜಿಪಿ2ಎಕ್ಸ್ ತೆರೆ 320 ಅಗಲ, 240 ಎತ್ತರ. ನೆಟ್ಟಗೆ ಇಟ್ಟರೆ 16 ಸಾಲುಗಳಿಗೆ ಸ್ಥಳ ಸಾಲದು. ಯಂತ್ರವನ್ನು ಅಡ್ಡಕ್ಕೆ ತಿರುಗಿಸಿ ಹಿಡಿದರೆ ಎಲ್ಲವೂ ಹಿಡಿಸುತ್ತದೆ.

ಎಲ್ಲಕ್ಕಿಂತ ನಮ್ಮನ್ನು ಚಿಂತೆಗೆ ಹಚ್ಚುವುದು ಶಬ್ದದ ಸಂಗತಿ. ಈ ಆಟದ ಗುಂಡಿನ ಸದ್ದು, ಪಡೆಯ ಹೆಜ್ಜೆಯ ಸದ್ದು ಮೊದಲಾದುವನ್ನು ಆಟದ ಸೂಚನೆಗಳು ಉಂಟುಮಾಡುತ್ತಿರಲಿಲ್ಲ. ಸೂಚನೆ ದೊರೆತೊಡನೆ ಪ್ರತ್ಯೇಕವಾದ ವಿದ್ಯುನ್ಮಂಡಲಗಳು ಉಂಟುಮಾಡುತ್ತಿದ್ದುವು. ಆಟದ ಸಂಖ್ಯೆಗಳನ್ನು ಎಷ್ಟೇ ನಿಷ್ಠೆಯಿಂದ ನಕಲು ಮಾಡಿದರೂ ಸದ್ದು ಅದರಲ್ಲಿ ಇರುವುದಿಲ್ಲ. ಆದಕಾರಣ ಅನುಕರಣಕಾರರು ಕೆಟ್ಟುಹೋಗದೆ ಉಳಿದ ಯಂತ್ರಗಳ ಸದ್ದನ್ನು ಧ್ವನಿಮುದ್ರಿಸಿಕೊಂಡು ಬಳಸಿದರು. ಅಂಥ ಯಂತ್ರಗಳು ಉಳಿಯದೆ ಹೋಗಿದ್ದರೆ ಆ ಸದ್ದನ್ನು ಮರಳಿ ಕೇಳುವ ಬಗೆಯೇ ಕಷ್ಟವಾಗುತ್ತಿತ್ತು. 1997ರಲ್ಲಿ ಇಟಲಿಯ ನಿಕೊಲಾ ಸಾಲ್ಮೊರಿಯಾ ಆರಂಭಿಸಿದ ಮೇಮ್ ಎಂಬ ತಂತ್ರಾಂಶವು ಇಂಥ ಯಂತ್ರಗಳ ಒಳರಚನೆಯನ್ನು ದಾಖಲೆ ಮಾಡುವುದನ್ನೇ ತನ್ನ ಮುಖ್ಯ ಉದ್ದೇಶವೆಂದು ಹೇಳಿಕೊಂಡಿದೆ.

ಇನ್ನು ಲಿನಕ್ಸಿನ ಪಾತ್ರವೇನು? ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆಯೊಂದಿದೆ. ಬಹುಕಾಲ ಅದರ ಮೇಲೆ ರೈಲೂ ರಸ್ತೆಯ ಬಂಡಿಗಳೂ ಸಂಚರಿಸಿದುವು. ನದಿಯ ಆಳ ಎಷ್ಟು, ಕಂಬಗಳು ಯಾವ ಬಂಡೆಯ ಮೇಲೆ ನಿಂತಿವೆ ಎಂಬುದು ಬಂಡಿ ಹೊಡೆಯುವವನಿಗೆ ಬೇಕಾಗಿರಲಿಲ್ಲ. ಕಾರ್ಯವ್ಯವಸ್ಥೆಯೂ ಹಾಗೆಯೇ. ತೆರೆ, ಗುಂಡಿಗಳು, ಮೆಮೊರಿ ಕಾರ್ಡ್, ಧ್ವನಿ ಇವುಗಳ ಒರಟು ವಿವರಗಳನ್ನು ಅದು ತನ್ನಲ್ಲಿ ಅಡಗಿಸಿಕೊಂಡು, ಮೇಲೆ ಸಾಗುವ ತಂತ್ರಾಂಶಕ್ಕೆ ಸಮನಾದ ಹಾದಿಯನ್ನು ಒದಗಿಸುತ್ತದೆ. ಆದ್ದರಿಂದ ಒಂದು ಯಂತ್ರಕ್ಕೆ ಬರೆದ ಅನುಕರಣ ತಂತ್ರಾಂಶವನ್ನು ಇನ್ನೊಂದಕ್ಕೆ ಒಯ್ಯುವುದು ಸುಲಭ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಯ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಇಂಥ ಯಂತ್ರವೆಂದರೆ ಪರದೇಶದ ಸರಕೇ ಎಂದು ವಿದ್ಯಾರ್ಥಿಗಳು ತಿಳಿಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ರಚಿಸಿದ ಸಿಂಪ್ಯೂಟರ್ 2001ರಲ್ಲಿಯೇ ಜನರ ಮುಂದೆ ಬಂದಿತು. ಅದೂ ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಗಣಕ, ಸೆಕೆಂಡಿಗೆ 20.6 ಕೋಟಿ ಮಿಡಿತಗಳ ಆರ್ಮ್ ವಂಶದ ಪ್ರೊಸೆಸರು. 320ಕ್ಕೆ 240 ಚುಕ್ಕೆಗಳ ತೆರೆ. ಇದನ್ನು ಮೇಲೆ ಹೇಳಿದ ಕೊರಿಯಾದ ಯಂತ್ರದೊಡನೆ ಹೋಲಿಸಿ ನೋಡಿ: ನಾಲ್ಕು ವರ್ಷ ಮೊದಲೇ ಹೆಚ್ಚುಕಡಮೆ ಅದೇ ಅಳತೆ! ಉದ್ದೇಶ ಮಾತ್ರ ಬೇರೆ. ಓದುಬರಹ ಬಾರದ ಗ್ರಾಮಸ್ಥರಿಗೂ ಗಣಕ ದೊರೆಯಬೇಕೆಂಬುದು ಅದನ್ನು ರಚಿಸಿದವರ ಹಂಬಲವಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ ಅಮಿಡಾ ಎಂಬ ಮಾದರಿಯಲ್ಲಿ ಯಂತ್ರವನ್ನು ಅಲುಗಿಸಿ ಪುಟ ತಿರುಗಿಸುವ ಸೌಕರ್ಯವೂ ಇದ್ದಿತು. ಆದರೂ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬೆಲೆ ಇಳಿಯಲಿಲ್ಲ, ಅಷ್ಟರಲ್ಲಿ ಮೊಬೈಲ್ ಬಂದು ಆ ಸ್ಥಾನವನ್ನು ಆಕ್ರಮಿಸಿತು. ನಮ್ಮ ಅಭಿಪ್ರಾಯದಲ್ಲಿ, ಆಟವೆಂದರೆ ಕಾಲಹರಣವೆಂಬ ಗಂಭೀರ ಭಾವನೆಯೂ ಸ್ವಲ್ಪಮಟ್ಟಿಗೆ ಅಡ್ಡಬಂದಿರಬಹುದು. ಹುಡುಗರ ಕೈಗೆ ಸಿಕ್ಕಿದ ಯಂತ್ರಕ್ಕೆ ತಂತ್ರಾಂಶ ಬರೆಯುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಆ ಯೋಜನೆಯಲ್ಲಿ ರಮೇಶ್ ಹರಿಹರನ್ ಅವರು ರಚಿಸಿದ, ಕನ್ನಡವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವು ಮಾತ್ರ ಯಂತ್ರದೊಡನೆ ಮಣ್ಣುಗೂಡಲಿಲ್ಲ. ಅದರ ಮೂಲಬರಹವನ್ನು ಮುಕ್ತವಾಗಿ ಹಂಚಿದ್ದುದರಿಂದ ಮುಂದೆ ಬೇರೆಯವರು ಅದನ್ನು ಸಾಮಾನ್ಯ ಲಿನಕ್ಸ್ ಗಣಕಗಳಿಗೆ ಒಯ್ದು ಬೆಳೆಸಿದರು.

ಮೂಲಬರಹವು ದೊರೆಯುವುದಾದರೆ ಅನುಕರಣದ ಸುತ್ತುದಾರಿಯೇ ಬೇಡ; ಹೊಸ ಪ್ರೊಸೆಸರಿನ ಭಾಷೆಗೆ ಅದನ್ನು ನೇರವಾಗಿ ಪರಿವರ್ತಿಸಬಹುದು. 1993ರ ಡೂಮ್ ಆಟದ ಮೂಲಬರಹವನ್ನು ಅದರ ಕರ್ತೃಗಳು 1997ರಲ್ಲಿ ಪ್ರಕಟಿಸಿದರು. ಪ್ರಕಟವಾದದ್ದು ಲಿನಕ್ಸಿಗಾಗಿ ಬರೆದ ಪಾಠವೇ. ದಶಮಾಂಶಗಳ ಗುಣಾಕಾರಕ್ಕೆ ಪ್ರತ್ಯೇಕ ಅಂಗವಿಲ್ಲದ ಅಗ್ಗದ ಪ್ರೊಸೆಸರುಗಳಲ್ಲಿಯೂ ಅದು ಸರಾಗವಾಗಿ ಓಡುವುದಕ್ಕೆ ಒಂದು ಜಾಣ ಉಪಾಯ ಕಾರಣ. ಸಂಖ್ಯೆಗಳನ್ನೆಲ್ಲ 65,536ರಿಂದ ಗುಣಿಸಿ ಪೂರ್ಣಾಂಕಗಳಾಗಿ ಇಟ್ಟುಕೊಂಡಿದ್ದಾರೆ. 2.5 ಎಂಬುದು 1,63,840 ಆಗುತ್ತದೆ, 1.5 ಎಂಬುದು 98,304. ಇವೆರಡನ್ನೂ ಗುಣಿಸಿ 65,536ರಿಂದ ಒಮ್ಮೆ ಭಾಗಿಸಿದರೆ 2,45,760 ಬರುತ್ತದೆ. ಅದು 3.75ರ ರೂಪವೇ ಅಹುದೆಂಬುದನ್ನು ವಿದ್ಯಾರ್ಥಿಗಳು ಗುಣಿಸಿ ನೋಡಬಹುದು.

ಕಾನೂನಿನ ಮಾತನ್ನೂ ಹೇಳಬೇಕಾಗಿದೆ. ಭಾರತದ 1957ರ ಕೃತಿಸ್ವಾಮ್ಯ ಶಾಸನದಲ್ಲಿ ಗಣಕದ ತಂತ್ರಾಂಶವು ಸಾಹಿತ್ಯಕೃತಿಯೆಂದೇ ಪರಿಗಣಿತವಾಗಿದೆ. ಅನುಕರಣ ತಂತ್ರಾಂಶವನ್ನು ಬರೆಯುವುದು ಒಂದು ಸಂಗತಿ. ಪರರ ಆಟದ ಸಂಖ್ಯೆಗಳನ್ನು ಕಾರ್ಡಿನಲ್ಲಿ ತುಂಬಿ ಮಾರುವುದು ಬೇರೊಂದು. ನ್ಯಾಯವಾಗಿ ಕೊಂಡವನು ನಷ್ಟದ ಭಯಕ್ಕಾಗಿ ಒಂದು ಪ್ರತಿ ಮಾಡಿಟ್ಟುಕೊಳ್ಳುವುದಕ್ಕೆ ಶಾಸನದಲ್ಲಿ ಅವಕಾಶವುಂಟು. ಡೂಮ್ ಆಟದಲ್ಲಿಯೂ ಮೂಲಬರಹ ಮಾತ್ರ ಮುಕ್ತ; ಚಿತ್ರಗಳೂ ಭೂಪಟಗಳೂ ಕರ್ತೃಗಳ ಸೊತ್ತು. ಆ ಕೊರತೆಯನ್ನು ತುಂಬಲು ಉತ್ಸಾಹಿಗಳು ಹೊಸ ಚಿತ್ರಗಳನ್ನು ತಾವೇ ರಚಿಸಿ ಫ್ರೀಡೂಮ್ ಎಂಬ ಹೆಸರಿನಿಂದ ಉಚಿತವಾಗಿ ಹಂಚಿದ್ದಾರೆ.

ಅಂಚೆಕಾರ್ಡಿನ ಆಟಕ್ಕೆ ಮರಳಿ ಒಂದು ಲೆಕ್ಕ ಕೊಡುತ್ತೇವೆ. 8080ರ ಒಂದು ಖಾನೆಯಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಮೀರಿದರೆ 256ನ್ನು ಕಳೆದು ಉಳಿದದ್ದನ್ನು ಮಾತ್ರ ಬರೆಯಬೇಕು. 62, 250, 198, 10, 50, 1, 32, 118 ಎಂಬ ಕಾರ್ಡು ಬಂದರೆ ನರಸೀಪುರದ ಹುಡುಗಿಯು ಎಷ್ಟನೆಯ ಖಾನೆಯಲ್ಲಿ ಯಾವ ಸಂಖ್ಯೆಯನ್ನು ಬರೆಯಬೇಕು?