ಬಾಗಿಲ ಕೆಳಗಿನ ತಗಡಿಗೆ ಕಬ್ಬಿಣದ ಕಾವಲು

ಅನಗವಾಡಿಯ ಸೇತುವೆ ದಾಟುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಗಾಡಿ ಎಷ್ಟು ಓಡಿದರೂ ಅದರ ಪಕ್ಕೆಗೆ ಪೆಟ್ಟಾಗುವುದಿಲ್ಲ. ಹೆದ್ದಾರಿ ಬಿಟ್ಟು ಘಟಪ್ರಭಾ ದಂಡೆಯ ಕಬ್ಬಿನ ಹೊಲಕ್ಕೋ, ಬೀಳಗಿ ಕಡೆಯ ಮಡ್ಡಿಗೋ ಇಳಿದಾಗ ಕಷ್ಟ ಶುರು. ಸಮೀರವಾಡಿಗೆ, ಬಾಡಗಂಡಿಗೆ, ಮುಧೋಳಕ್ಕೆ ಕಬ್ಬು ಹೊರುವ ಟ್ರ್ಯಾಕ್ಟರುಗಳು ಎರಿ ಭೂಮಿಯ ದಾರಿಯಲ್ಲಿ ಆಳವಾದ ಜಾಡು ಕೊರೆದಿರುತ್ತವೆ. ನಮ್ಮ ಬೊಲೆರೊ ಅಥವಾ ಥಾರ್‌ನ ಒಂದು ಗಾಲಿ ಆ ಜಾಡಿಗೆ ಜಾರಿತೆಂದರೆ ಗಾಡಿ ವಾಲಿ, ಬಾಗಿಲ ಕೆಳಗಿನ ಅಂಚು ನೇರ ಮಣ್ಣಿಗೆ ಕೂರುತ್ತದೆ. ಹೊಲದ ಒಡ್ಡು ದಾಟುವಾಗಲೂ ಹಾಗೆಯೇ. ಮುಂದಿನ ಗಾಲಿ ಇಳಿದು ಹಿಂದಿನದು ಇನ್ನೂ ಹತ್ತದಿರುವ ಹೊತ್ತಿನಲ್ಲಿ ನಡುಭಾಗ ಒಡ್ಡಿನ ನೆತ್ತಿಗೆ ತಾಗುತ್ತದೆ. ಬೊಲೆರೊದ ಮುಂದಿನ, ಹಿಂದಿನ ಗಾಲಿಗಳ ನಡುವೆ 2,680 ಮಿ.ಮೀ. ಅಂತರವಿದೆ, ನೆಲದಿಂದ ಎತ್ತರ 180 ಮಿ.ಮೀ. ಮಾತ್ರ. ಥಾರ್‌ಗೆ ಅಂತರ 2,450, ಎತ್ತರ 226. ಒಂದೇ ಒಡ್ಡಿನ ಮೇಲೆ ಥಾರ್ ಸಲೀಸಾಗಿ ದಾಟಿ ಬೊಲೆರೊ ಹೊಟ್ಟೆ ತಾಗಿಸಿಕೊಳ್ಳುವುದು ಇದೇ ಕಾರಣಕ್ಕೆ.

ಬಾಗಿಲ ಕೆಳಗಿನ ಆ ಅಂಚನ್ನು ರಾಕರ್ ಪ್ಯಾನಲ್ ಎನ್ನುತ್ತಾರೆ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಅದು ಒಂದು ಮಿಲಿಮೀಟರಿಗಿಂತ ತೆಳುವಾದ ತಗಡನ್ನು ಮಡಚಿ ಮಾಡಿದ ಟೊಳ್ಳು ಪೆಟ್ಟಿಗೆ. ನುಗ್ಗಿದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಪೇಂಟ್ ಒಡೆದ ಕಡೆ ಜಂಗು ಹಿಡಿಯುತ್ತದೆ. ನಮ್ಮ ಕಡೆ ಇನ್ನೊಂದು ತೊಂದರೆಯೂ ಇದೆ: ನೀರು ಇಳಿದುಹೋಗಲೆಂದು ಪೆಟ್ಟಿಗೆಯ ತಳದಲ್ಲಿ ಬಿಟ್ಟಿರುವ ಸಣ್ಣ ತೂತುಗಳನ್ನು ಎರಿಮಣ್ಣಿನ ರಾಡಿ ಮುಚ್ಚಿಬಿಡುತ್ತದೆ. ಒಳಗೆ ನಿಂತ ತೇವ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತೂತಾಗಿರುತ್ತದೆ.

ಇದಕ್ಕೆಂದು ಬಹಳ ಜನ ಫುಟ್‌ಬೋರ್ಡ್ ಹಾಕಿಸುತ್ತಾರೆ. ಅದರಿಂದ ರಕ್ಷಣೆ ಸಿಗದು. ಬಾಡಿಯ ತಗಡಿಗೇ ಬೋಲ್ಟು ಮಾಡಿದ ಫುಟ್‌ಬೋರ್ಡ್ ಕಲ್ಲಿಗೆ ಬಡಿದರೆ ಆ ಬೋಲ್ಟುಗಳೇ ತಗಡನ್ನು ಹರಿದುಕೊಂಡು ಒಳನುಗ್ಗುತ್ತವೆ. ಬೇಕಾದದ್ದು ಸ್ಲೈಡರ್: ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಕಬ್ಬಿಣದ ಪೈಪು, ಅದನ್ನು ಚಾಸಿಗೆ ಹಿಡಿದಿಡುವ ಕಾಲುಗಳು. ಗಾಡಿಯ ಭಾರ ಬಿದ್ದಾಗ ಅದು ತಗಡಿಗೆ ತಾಗದೆ ಚಾಸಿಗೇ ಹೋಗಬೇಕು. ಮುಂದಿನ ಎಲ್ಲ ಕೆಲಸವೂ ಈ ಒಂದು ಮಾತಿಗಾಗಿ.

ಬೊಲೆರೊ, ಸ್ಕಾರ್ಪಿಯೊ, ಥಾರ್, ಜಿಮ್ನಿ, ಹಳೆಯ ಜಿಪ್ಸಿ ಇವಕ್ಕೆಲ್ಲ ಬಾಡಿಯ ಕೆಳಗೆ ಬೇರೆಯೇ ಚಾಸಿ ಇದೆ. ಇವಕ್ಕೆ ಇದು ಒಗ್ಗುತ್ತದೆ. ಕ್ರೆಟಾ, ಡಸ್ಟರ್‌ನಂಥವುಗಳಲ್ಲಿ ಬಾಡಿಯೇ ಚಾಸಿ. ಅಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಆ ಗಾಡಿಗಳಿಗೆ ಮುಂದಿನ ಗಾಲಿಯ ಹಿಂದೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಇಳಿಬಿಟ್ಟು, ತಳಕ್ಕೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿ, ತೂತುಗಳನ್ನು ಆಗಾಗ ತಂತಿಯಿಂದ ಬಿಡಿಸಿದರೆ ಸಾಕು.

ಅಳತೆ ಮತ್ತು ಸಾಮಾನು

ಮೊದಲು ಗಾಡಿಯ ತಳ ತೊಳೆಸಿ, ಒಣಗಿದ ಮೇಲೆ ಕೆಳಗೆ ಮಲಗಿ ನೋಡಿ. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್ ಚಾಸಿಯ ಯಾವ ಬದಿಯಲ್ಲಿ ಹೋಗಿವೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಅವು ಇಲ್ಲದ ಮೂರು ಜಾಗ ಪ್ರತಿ ಬದಿಗೆ ಬೇಕು. ಮುಂದಿನ ಗಾಲಿಯನ್ನು ಪೂರ್ತಿ ತಿರುಗಿಸಿ, ಟೈರಿನಿಂದ ಕನಿಷ್ಠ 50 ಮಿ.ಮೀ. ಬಿಟ್ಟು ಪೈಪಿನ ಉದ್ದ ಗೊತ್ತುಮಾಡಿ. ಬೊಲೆರೊದಷ್ಟು ಗಾಡಿಗೆ ಅದು ಸುಮಾರು 1.6 ಮೀಟರ್ ಬರುತ್ತದೆ.

ಪೈಪು 50×50 ಮಿ.ಮೀ. ಚೌಕದ್ದು, ದಪ್ಪ 3 ಮಿ.ಮೀ. ಇರಲಿ. ಗೇಟು, ಕಿಟಕಿಗೆ ಬಳಸುವ 16 ಗೇಜಿನ ಪೈಪು 1.6 ಮಿ.ಮೀ. ಮಾತ್ರ, ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಅಂಗಡಿಯಲ್ಲಿ ದಪ್ಪವನ್ನು ಅಳೆದೇ ತನ್ನಿ. ಜಿ.ಐ. ಪೈಪು ಜಂಗು ಹಿಡಿಯುವುದಿಲ್ಲವೆಂದು ಅದನ್ನು ಕೊಡಲು ಬಂದರೆ ಬೇಡವೆನ್ನಿ. ಅದಕ್ಕೆ ಹಚ್ಚಿದ ಸತು ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದ ವೆಲ್ಡರ್‌ಗೆ ಅಂದೇ ರಾತ್ರಿ ಚಳಿಜ್ವರ ಬರಬಹುದು.

20 ಅಡಿಯ ಒಂದು ಪೈಪಿನಲ್ಲಿ ಎರಡೂ ಬದಿಯ ಉದ್ದದ ತುಂಡುಗಳು ಮತ್ತು ತಲಾ ಒಂದಡಿಯೊಳಗಿನ ಆರು ಕಾಲುಗಳು ಸಿಗುತ್ತವೆ. ಜೊತೆಗೆ 6 ಮಿ.ಮೀ. ದಪ್ಪದ ಪ್ಲೇಟಿನ 12 ತುಂಡು ಬೇಕು. ಅವುಗಳ ಅಗಲ 100 ಮಿ.ಮೀ., ಎತ್ತರ ಚಾಸಿಗಿಂತ ಮೇಲೂ ಕೆಳಗೂ 30 ಮಿ.ಮೀ. ಹೆಚ್ಚು. ಬೋಲ್ಟುಗಳು 12 ಮಿ.ಮೀ.ನವು, ತಲೆಯ ಮೇಲೆ 8.8 ಎಂದು ಅಚ್ಚಾಗಿರುವವೇ ಆಗಬೇಕು, ಒಟ್ಟು 24. ನಟ್ಟುಗಳು ನೈಲಾಕ್ ಇರಲಿ. ಎಲ್ಲ ಸೇರಿ ಗಾಡಿಗೆ 35 ಕಿಲೊದಷ್ಟು ಭಾರ ಕೂಡುತ್ತದೆ.

ಕಟ್ಟುವ ಬಗೆ

ಚಾಸಿಗೆ ತೂತು ಕೊರೆಯಬೇಡಿ, ವೆಲ್ಡಿಂಗ್ ಅಂತೂ ಬೇಡವೇ ಬೇಡ. ಬಿಸಿ ತಾಗಿದ ಜಾಗದ ಅಂಚಿನಲ್ಲೇ ಮುಂದೆ ಬಿರುಕು ಬಿಡುವುದು. ಚಾಸಿಯ ಹೊರಮೈಗೆ ಒಂದು ಪ್ಲೇಟು, ಒಳಮೈಗೆ ಇನ್ನೊಂದು ಇಟ್ಟು, ಎರಡು ಬೋಲ್ಟು ಚಾಸಿಯ ಮೇಲಿನಿಂದ, ಎರಡು ಕೆಳಗಿನಿಂದ ಹಾಯಿಸಿ ಬಿಗಿದರೆ ಚಾಸಿ ನಡುವೆ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಬೋಲ್ಟುಗಳು ಚಾಸಿಯ ತಳಕ್ಕೆ ತಾಗಿಕೊಂಡೇ ಇರಬೇಕು. ಕಲ್ಲು ಸ್ಲೈಡರನ್ನು ಮೇಲಕ್ಕೆ ಒತ್ತಿದಾಗ ಪ್ಲೇಟು ಜಾರದಂತೆ ತಡೆಯುವುದು ಅವೇ. ಪ್ಲೇಟಿಗೂ ಚಾಸಿಗೂ ನಡುವೆ ಟ್ಯೂಬಿನ ರಬ್ಬರು ಹಾಕುವ ಅಭ್ಯಾಸ ಕೆಲವರಿಗಿದೆ. ರಬ್ಬರು ದಿನಕಳೆದಂತೆ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಎರಡೂ ಮೈಗೆ ಪೇಂಟ್ ಹಚ್ಚಿ, ಒಣಗಿದ ಮೇಲೆ ನೇರವಾಗಿ ಬಿಗಿಯುವುದೇ ಸರಿ.

ಪ್ಲೇಟುಗಳನ್ನು ಗಾಡಿಗೆ ಕಟ್ಟಿದ ಮೇಲೆ ಉದ್ದದ ಪೈಪನ್ನು ಇಟ್ಟಿಗೆ, ಮರದ ತುಂಡುಗಳ ಮೇಲೆ ಅದರ ಜಾಗಕ್ಕೆ ಎತ್ತಿ ನಿಲ್ಲಿಸಿ. ಪೈಪಿಗೂ ಬಾಡಿಗೂ ನಡುವೆ 25 ಮಿ.ಮೀ. ಸಂದು ಬಿಡಿ. ಬಾಡಿ ಚಾಸಿಯ ಮೇಲೆ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಹಳ್ಳದ ದಾರಿಯಲ್ಲಿ ಎರಡೂ ಬೇರೆಬೇರೆಯಾಗಿ ಅಲುಗುತ್ತವೆ. ಸಂದು ಇಲ್ಲದಿದ್ದರೆ ನೀವು ಹಾಕಿದ ಪೈಪೇ ತಗಡನ್ನು ತಿಕ್ಕುತ್ತದೆ. ಕಾಲುಗಳು ಚಾಸಿಯ ತಳಕ್ಕಿಂತ ಕೆಳಗೆ ಇಳಿಯಬಾರದು, ಇಳಿದರೆ ಇದ್ದ ಎತ್ತರವೂ ಹೋಯಿತು. ಪೈಪಿನ ಹೊರ ಅಂಚು ಫೆಂಡರಿನ ಗೆರೆ ದಾಟಬಾರದು.

ಈಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಹೊಸ ಗಾಡಿಗಳಲ್ಲಿ ಇದನ್ನು ಮರೆತರೆ ಕಂಪ್ಯೂಟರ್ ಸುಡಬಹುದು. ಗಾಜಿಗೂ ಡೀಸೆಲ್ ಪೈಪಿಗೂ ಒದ್ದೆ ಗೋಣಿಚೀಲ ಹೊದಿಸಿ, ಪಕ್ಕದಲ್ಲಿ ನೀರು, ಮರಳು ಇಟ್ಟುಕೊಳ್ಳಿ. ವೆಲ್ಡಿಂಗ್‌ನ ಅರ್ಥಿಂಗ್ ಹಿಡಿಕೆಯನ್ನು ಸ್ಲೈಡರಿಗೇ ಹಾಕಿ. ಗಾಡಿಯ ಮೇಲೆ ಬರೀ ಚುಕ್ಕಿ ವೆಲ್ಡಿಂಗ್ ಮಾಡಿಸಿ, ಆಮೇಲೆ ಇಡಿಯಾಗಿ ಬಿಚ್ಚಿ ನೆಲದ ಮೇಲಿಟ್ಟು ಪೂರ್ತಿ ವೆಲ್ಡ್ ಮಾಡಿಸಬೇಕು. 6013 ರಾಡು, 3.15 ಮಿ.ಮೀ., ಸುಮಾರು 110 ಆಂಪಿಯರ್ ಈ ದಪ್ಪಕ್ಕೆ ಹೊಂದುತ್ತದೆ. ಪ್ರತಿ ಕಾಲು ಪ್ಲೇಟಿಗೆ ಸೇರುವ ಕಡೆ ಕೆಳಗಿನಿಂದ ತ್ರಿಕೋನದ ಒಂದು ತುಂಡು ಕೂರಿಸಿ. ಹೆಚ್ಚು ಒತ್ತಡ ಬೀಳುವುದು ಅಲ್ಲಿ. ಪೈಪಿನ ಎರಡೂ ಬಾಯಿ ಮುಚ್ಚಿಸಿ, ತಳದಲ್ಲಿ 8 ಮಿ.ಮೀ.ನ ಮೂರು ತೂತು ಕೊರೆಸಿ. ವೆಲ್ಡಿಂಗ್ ಮೇಲಿನ ಕಿಟ್ಟ ಕೆರೆದು, ರೆಡ್ ಆಕ್ಸೈಡ್ ಎರಡು ಕೈ, ಮೇಲೆ ಕಪ್ಪು ಎನಾಮಲ್. ಹೊಳಪು ಬೇಕಿಲ್ಲ, ಮೊದಲ ಮಳೆಗಾಲದಲ್ಲೇ ತರಚುವ ಜಾಗವದು.

ಪರೀಕ್ಷೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎದುರು ಬದಿಯ ಗಾಲಿಗಳಿಗೆ ಕಲ್ಲು ಕೊಡಿ. ಸ್ಲೈಡರಿನ ನಡುವೆ ಜಾಕ್ ಇಟ್ಟು ಆ ಬದಿಯ ಗಾಲಿಗಳು ನೆಲದಿಂದ ಹಗುರಾಗುವವರೆಗೆ ನಿಧಾನಕ್ಕೆ ಎತ್ತಿ. 25 ಮಿ.ಮೀ. ಸಂದು ಹಾಗೆಯೇ ಉಳಿದು, ಬಾಗಿಲು ಮೊದಲಿನಂತೆ ತೆರೆದು ಮುಚ್ಚಿದರೆ ಕೆಲಸ ಗೆದ್ದಿತು. ಸಂದು ಕಿರಿದಾದರೆ ಎಲ್ಲೋ ಪ್ಲೇಟು ತಿರುಗುತ್ತಿದೆ ಎಂದರ್ಥ. ಬಿಗಿದು ಮತ್ತೆ ನೋಡಿ. ಈ ಹೊತ್ತಿನಲ್ಲಿ ಯಾರೂ ಗಾಡಿಯ ಕೆಳಗೆ ಕೈ ಕೂಡ ಚಾಚಬಾರದು. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗುವುದು ಜೀವಕ್ಕೆ ಅಪಾಯ.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಗಾಡಿಯ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿನ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದದ್ದು ಇದೇ ಕಲಮಿನ ಮೇಲೆ. ನಿಮ್ಮ ಗಾಡಿ ಕೆಎ 29 ಇರಲಿ, ಕೆಎ 48 ಇರಲಿ, ಕಬ್ಬಿಣ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ. ಬೋಲ್ಟಿನಿಂದ ಕಟ್ಟಿದ್ದರಿಂದ ಬೇಕಾದಾಗ ಬಿಚ್ಚಿಡಬಹುದು ಎಂಬುದೂ ಈ ವಿಧಾನದ ಒಂದು ಅನುಕೂಲ.

ಹಾಕಿಸಿದ ಮೇಲೆ ಮೊದಲ 100 ಕಿ.ಮೀ. ಓಡಿಸಿ ಎಲ್ಲ ಬೋಲ್ಟು ಮತ್ತೆ ಬಿಗಿಯಿರಿ. ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಬ್ಬಿನ ಸೀಜನ್ ಮುಗಿದ ಮೇಲೆ ಒಮ್ಮೆ ನೋಡಿದರೆ ಆಯಿತು. ಪೈಪಿಗೂ ಬಾಡಿಗೂ ನಡುವಿನ ಸಂದಿನಲ್ಲಿ ರಾಡಿ ಒಣಗಿ ಕೂರಲು ಬಿಡಬೇಡಿ; ಹೊಲದಿಂದ ಬಂದ ದಿನವೇ ಬೋರಿನ ಪೈಪು ಹಿಡಿದು ಒಳಗಿನಿಂದ ಹೊರಕ್ಕೆ ನೀರು ಹೊಡೆಯಿರಿ, ತಳದ ತೂತುಗಳಿಂದ ನೀರು ಇಳಿಯುತ್ತಿದೆಯೇ ನೋಡಿ.