ಹೂವಕ್ಕ ಮನೆ ಕೊಂಡರು

ಹೂವಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುತ್ತಾರೆ. ಅದಕ್ಕೇ ನಾವೆಲ್ಲ ಹೂವಕ್ಕ ಅಂತೀವಿ. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲೇ ಇದ್ದರು. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪೇಟೆಯಲ್ಲಿ ಒಂದು ಹಳೆಯ ಮನೆ ಮಾರಾಟಕ್ಕೆ ಬಂತು. ಬೆಲೆ 12 ಲಕ್ಷ ರೂಪಾಯಿ.

ದಲ್ಲಾಳಿ ಹೇಳಿದ: "ನೂರಕ್ಕೆ 90 ಬ್ಯಾಂಕಿನವರು ಕೊಡ್ತಾರೆ ಅಕ್ಕಾ. ನೀವು 10 ಹಾಕಿದ್ರೆ ಸಾಕು."

ಹನ್ನೆರಡು ಲಕ್ಷಕ್ಕೆ ನೂರಕ್ಕೆ 10 ಅಂದರೆ 1,20,000. ಚೀಟಿ ಹಣ, ಸಂಘದ ಉಳಿತಾಯ ಎಲ್ಲ ಸೇರಿಸಿ ಹೂವಕ್ಕ ಮುಂಗಡ ಕೊಟ್ಟರು. ಕರಾರು ಪತ್ರಕ್ಕೆ ಸಹಿ ಹಾಕಿದರು. ಹೆಬ್ಬೆಟ್ಟಲ್ಲ, ಸಹಿ! ಆದರೆ ಪತ್ರದಲ್ಲಿ ಒಂದು ಸಾಲಿತ್ತು. ಮೂರು ತಿಂಗಳಲ್ಲಿ ನೋಂದಣಿ ಆಗದಿದ್ದರೆ ಮುಂಗಡ ವಾಪಸ್ ಇಲ್ಲ.

ಆಮೇಲೆ ಪತ್ರ ಬರಹಗಾರರು ಖರ್ಚಿನ ಚೀಟಿ ಬರೆದು ಕೊಟ್ಟರು. ಹೂವಕ್ಕ ಅದನ್ನು ಕೇಂದ್ರಕ್ಕೆ ತಂದರು. ನಾವು ಬೋರ್ಡಿನ ಮೇಲೆ ಬರೆದೆವು.

ಮುದ್ರಾಂಕ ಶುಲ್ಕ, ನೂರಕ್ಕೆ 5: 60,000
ಆ ಶುಲ್ಕದ ಮೇಲೆ ಸೆಸ್, ನೂರಕ್ಕೆ 10: 6,000
ಆ ಶುಲ್ಕದ ಮೇಲೆ ಸರ್‌ಚಾರ್ಜ್, ನೂರಕ್ಕೆ 2: 1,200
ನೋಂದಣಿ ಶುಲ್ಕ, ನೂರಕ್ಕೆ 2: 24,000
ಒಟ್ಟು: 91,200

ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು. 2025ರ ಆಗಸ್ಟ್ 31ರಿಂದ 2 ಆಯಿತು. ಇನ್ನೂ ಒಂದು ಮಾತು. ಪ್ರತಿ ಜಾಗಕ್ಕೂ ಸರ್ಕಾರ ಒಂದು ಮಾರ್ಗಸೂಚಿ ಬೆಲೆ ಇಟ್ಟಿರುತ್ತದೆ. ನೀವು ಕೊಡುವ ಬೆಲೆಗಿಂತ ಅದು ಹೆಚ್ಚಿದ್ದರೆ ಶುಲ್ಕವನ್ನು ಅದರ ಮೇಲೆ ಕಟ್ಟಬೇಕು.

"ಇದನ್ನೂ ಬ್ಯಾಂಕಿನವರು ಕೊಡಲ್ವಾ ಟೀಚರ್?" ಹೂವಕ್ಕ ಕೇಳಿದರು.

ಕೊಡುವುದಿಲ್ಲ. ಸಾಲದ ಲೆಕ್ಕ ಮನೆಯ ಬೆಲೆಗೆ ಮಾತ್ರ. ಮನೆಯ ಬೆಲೆ 10 ಲಕ್ಷ ದಾಟದಿದ್ದರೆ ನೋಂದಣಿ ಖರ್ಚನ್ನೂ ಸೇರಿಸಿ ಸಾಲದ ಲೆಕ್ಕ ಹಾಕಬಹುದು. 2015ರಲ್ಲಿ ರಿಸರ್ವ್ ಬ್ಯಾಂಕ್ ಹಾಗೆ ಅವಕಾಶ ಕೊಟ್ಟಿತು. ಸಣ್ಣ ಮನೆ ಕೊಳ್ಳುವವರು ಇದನ್ನು ಬಾಯಿ ಬಿಟ್ಟು ಕೇಳಬೇಕು. ಹೂವಕ್ಕನ ಮನೆ 12 ಲಕ್ಷದ್ದು. ಅವರಿಗೆ ಇದು ಸಿಗಲಿಲ್ಲ.

ಬ್ಯಾಂಕಿನ ಖರ್ಚು ಬೇರೆ. ಸಾಲದ ಅರ್ಜಿಗೆ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ಪತ್ರ ನೋಡುವ ವಕೀಲರಿಗೆ, ಮನೆ ನೋಡುವ ಇಂಜಿನಿಯರಿಗೆ ಫೀಸು. ಮನೆಗೆ ಬೆಲೆ ಕಟ್ಟುವವರು ಈ ಇಂಜಿನಿಯರೇ. ಅವರು 11 ಲಕ್ಷ ಎಂದರೆ ಸಾಲವೂ ಅಷ್ಟಕ್ಕೇ ಇಳಿಯುತ್ತದೆ. ಉಳಿದದ್ದು ನಮ್ಮ ಕೈಯಿಂದ. ನೂರಕ್ಕೆ 90 ಅನ್ನೋದು ಹೆಚ್ಚೆಂದರೆ ಕೊಡುವ ಸಾಲ, ಎಲ್ಲರಿಗೂ ಅಷ್ಟೇ ಸಿಗುತ್ತದೆ ಅಂತಲ್ಲ. ದಲ್ಲಾಳಿ ಕಮಿಷನ್ ಬಿಡಿ, ಅದನ್ನು ಅವನು ಮರೆಯಲ್ಲ!

ಹೂವಕ್ಕನಿಗೆ ಮೂರು ತಿಂಗಳ ಗಡುವು ಹತ್ತಿರ ಬಂತು. ಬಿಟ್ಟರೆ 1,20,000 ಹೋಗುತ್ತದೆ. ಎರಡೆಳೆ ಸರ, ಸೊಸೆಯ ಬಳೆ ಅಡವಿಟ್ಟರು. ಅದೂ ಸಾಲದೆ ಕೈಸಾಲ ಮಾಡಿದರು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. 30,000ಕ್ಕೆ ತಿಂಗಳಿಗೆ 900 ಬಡ್ಡಿಯೇ ಆಯಿತು. ಮನೆ ಅವರದಾಯಿತು. ಸರ ಇನ್ನೂ ಬಂದಿಲ್ಲ.

ನೀವು ಮುಂಗಡ ಕೊಡುವ ಮೊದಲೇ ಬ್ಯಾಂಕಿಗೆ ಹೋಗಿ. ಎಲ್ಲ ಖರ್ಚನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಉಪನೋಂದಣಿ ಕಚೇರಿಯಲ್ಲಿ ಮಾರ್ಗಸೂಚಿ ಬೆಲೆ ಕೇಳಿ. "ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ಹಿಂದಕ್ಕೆ ಕೊಡಬೇಕು" ಎಂಬ ಸಾಲು ಕರಾರಿನಲ್ಲಿ ಇರಲಿ. ಅದನ್ನು ಓದಿಯೇ ಸಹಿ ಹಾಕಿ.

ಲೆಕ್ಕ ಮಾಡಿ:
ಪೇಟೆಯಲ್ಲಿ ಹಳೆಯ ಮನೆ. ಬೆಲೆ 15 ಲಕ್ಷ. ಬ್ಯಾಂಕ್ ಸಾಲ ನೂರಕ್ಕೆ 90. ನಮ್ಮ ಪಾಲು ಎಷ್ಟು? ಹೂವಕ್ಕನ ಚೀಟಿಯಂತೆ ನೋಂದಣಿಯ ಖರ್ಚು ಎಷ್ಟು? ಎರಡೂ ಕೂಡಿಸಿ ಬರೆಯಿರಿ.
(ಉತ್ತರ: 2,64,000)